ಚೆನ್ನೆಮಣೆಯಿಂದ ಮಾಡಿದ ರಿಮೋಟು

ಅಕ್ಕ ಸುಳ್ಯದ ಬಾಡಿಗೆ ಕೋಣೆ ಖಾಲಿ ಮಾಡಿ ಕಡಬದ ನಮ್ಮ ಮನೆಗೆ ಬಂದ ಮೇಲೆ ಅವಳ ಮಂಚದ ಪಕ್ಕದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಾಲ್ಕು ರಿಮೋಟುಗಳು ಇರುತ್ತಿದ್ದವು. ಟಿ.ವಿ.ಗೆ ಒಂದು, ಸೆಟ್‌ಟಾಪ್ ಬಾಕ್ಸಿಗೆ ಒಂದು, ಫ್ಯಾನಿಗೆ ಒಂದು, ಬಲ್ಬಿಗೆ ಒಂದು. ಎಣ್ಣೆಕೈ ತಾಗಬಾರದೆಂದು ನನ್ನ ಹೆಂಡತಿ ನಾಲ್ಕಕ್ಕೂ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ತೊಟ್ಟೆಯೊಳಗೆ ನಾಲ್ಕೂ ಒಂದೇ ತರಹ ಕಾಣುತ್ತಿದ್ದವು.

ಅಕ್ಕನಿಗೆ ಕೈ ನಡುಗುವ ಕಾಯಿಲೆ. ಕಣ್ಣೂ ಮಂಜಾಗಿತ್ತು. ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ಮಂಚದ ಹತ್ತಿರ ಕಿವಿ ಇಟ್ಟವರಿಗೆ ಮಾತ್ರ ಕೇಳುತ್ತಿತ್ತು. ಫ್ಯಾನ್ ಹಾಕಲು ಹೋಗಿ ಬಲ್ಬ್ ಆರಿಸುತ್ತಿದ್ದಳು. ಟಿ.ವಿ. ಹಾಕಲು ಒತ್ತಿದರೆ ಬೆರಳು ನಡುಗಿ ಎರಡು ಸಲ ಒತ್ತಿ ಹೋಗುತ್ತಿತ್ತು. ಹೊತ್ತಿದ್ದು ಹಾಗೆಯೇ ಆರುತ್ತಿತ್ತು. ಸುಳ್ಯದ ಪೇಟೆಯಲ್ಲಿ ವರ್ಷಗಟ್ಟಲೆ ಹೆಂಗಸರ ರವಿಕೆ ಹೊಲಿದು, ಯಾರ ಹಂಗೂ ಇಲ್ಲದೆ ಒಬ್ಬಳೇ ಬದುಕಿದವಳು ಅವಳು. ಸೂಜಿಗೆ ನೂಲು ಪೋಣಿಸಿದ ಕೈ ಈಗ ತೊಟ್ಟೆಯ ಮೇಲೆ ತಡಕಾಡುವುದನ್ನು ನೋಡಿದ ಯಾರಿಗಾದರೂ ಪಾಪ ಅನಿಸಬೇಕು. ನನಗೂ ಅನಿಸಿತ್ತು. ಸುಳ್ಳು ಹೇಳುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪುತ್ತೂರಿನ ಒಂದು ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತವನು. ಆಮೇಲೆ ಕಡಬದಲ್ಲಿ ಮನೆಯ ಎದುರಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಟಿ.ವಿ. ರಿಪೇರಿ ಮಾಡುತ್ತಾ ಬಂದೆ. ತೆಳ್ಳಗಿನ ಟಿ.ವಿ.ಗಳು ಬಂದ ಮೇಲೆ ರಿಪೇರಿ ಕಡಿಮೆಯಾಯಿತು. ಹಾಳಾದರೆ ಜನ ಬಿಸಾಡಿ ಹೊಸತು ತರುತ್ತಾರೆ. ರಿಮೋಟು ಮಾತ್ರ ಈಗಲೂ ರಿಪೇರಿಗೆ ಬರುತ್ತದೆ. ಬೇರೆ ಬೇರೆ ರಿಮೋಟುಗಳ ಸಂಕೇತವನ್ನು ಕಲಿತು ನೆನಪಿಟ್ಟುಕೊಳ್ಳುವ ಸರ್ಕೀಟು ಈಗ ಮಂಗಳೂರಿನಲ್ಲಿ ಸಿಗುತ್ತದೆ. ಅದನ್ನು ತಂದು ಅಕ್ಕನಿಗೆ ನಾಲ್ಕರ ಬದಲು ಒಂದೇ ಪೆಟ್ಟಿಗೆ ಮಾಡಿಕೊಡುವುದೆಂದು ಹೊರಟೆ.

ಮೊದಲ ಪೆಟ್ಟಿಗೆಯನ್ನು ಬಹಳ ಚಂದ ಮಾಡಿದ್ದೆ. ಬಿಳಿ ಪ್ಲಾಸ್ಟಿಕ್, ಮೇಲೆ ಎದ್ದು ನಿಂತ ಬಣ್ಣಬಣ್ಣದ ಗುಂಡಿಗಳು, ಕ್ಯಾಲ್ಕುಲೇಟರಿನ ಹಾಗೆ ಚೌಕಕ್ಕೆ ಜೋಡಿಸಿದ್ದು. ಪ್ರತಿ ಗುಂಡಿಯ ಕೆಳಗೆ ಕನ್ನಡದಲ್ಲಿ ಬರೆದು ಅಂಟಿಸಿದ್ದೆ. ಅಕ್ಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ಒಂದು ಗುಂಡಿಯಿಂದ ಜಾರಿ ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಮೂರನೆಯದಕ್ಕೆ. ಬಲ್ಬ್ ಆರಿತು, ಫ್ಯಾನ್ ತಿರುಗಿತು, ಟಿ.ವಿ. ಹೊತ್ತಿ ಆರಿತು.

"ಅಳತೆ ತೆಗೆಯದೆ ರವಿಕೆ ಹೊಲಿದಿದ್ದಿ ಮಾರಾಯ," ಎಂದಳು. "ಯಾರಿಗೆ ಮಾಡಿದ್ದು ಇದು? ನಿನ್ನ ಕೈಗಾ, ನನ್ನ ಕೈಗಾ?"

ನನಗೆ ಸಿಟ್ಟು ಬಂತು. ಅಕ್ಕನ ಬಾಯಿ ಮೊದಲಿನಿಂದಲೂ ಹಾಗೆಯೇ. ಬಟ್ಟೆ ತಂದ ಗಿರಾಕಿಗಳೊಡನೆ ಮಾತಾಡಿ ಮಾತಾಡಿ ನಾಲಿಗೆಗೆ ಕತ್ತರಿಯ ಹದ ಬಂದಿತ್ತು. ಸ್ವರ ಹೋದರೂ ಹದ ಹೋಗಿರಲಿಲ್ಲ. ಹಾಗಾದರೆ ಹೇಗೆ ಬೇಕು, ನೀನೇ ಹೇಳು ಎಂದು ನಾನು ದೊಡ್ಡದಾಗಿಯೇ ಕೇಳಿದೆ.

ಅವಳು ಸ್ವಲ್ಪ ಹೊತ್ತು ಪೆಟ್ಟಿಗೆಯ ಮೇಲೆ ಕೈ ಆಡಿಸಿದಳು.

"ಎದ್ದು ನಿಂತ ಗುಂಡಿ ಬೇಡ. ಗುಳಿ ಮಾಡು. ಕೈ ನಡುಗಿದರೂ ಗುಳಿಗೆ ಬಿದ್ದದ್ದು ಗುಳಿಯಲ್ಲೇ ಇರ್ತದೆ. ಸಾಲಾಗಿ ಮಾಡು, ಎಡದಿಂದ ಬಲಕ್ಕೆ. ಚೆನ್ನೆಮಣೆ ಅಟ್ಟದಲ್ಲಿ ಉಂಟಲ್ಲ, ಅದನ್ನೇ ತುಂಡು ಮಾಡು."

ನಮ್ಮ ಅಮ್ಮನ ಕಾಲದ ಚೆನ್ನೆಮಣೆ ಅದು. ಎರಡು ಸಾಲು, ಸಾಲಿಗೆ ಏಳು ಗುಳಿ. ಚಿಕ್ಕಂದಿನಲ್ಲಿ ಮಳೆಗಾಲದ ಆಟಿ ತಿಂಗಳು ಬಂದರೆ ನಾವಿಬ್ಬರೂ ಅದರ ಮುಂದೆ ಕುಳಿತುಕೊಳ್ಳುತ್ತಿದ್ದೆವು. ಕಾಯಿಗಳನ್ನು ಗುಳಿಯಿಂದ ಗುಳಿಗೆ ಹಂಚುತ್ತಾ ಹೋಗುವಾಗ ಅಕ್ಕ ಮಣೆಯನ್ನು ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಕೈ ತಾನೇ ಹೋಗುತ್ತಿತ್ತು. ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು.

ಆಟಿಯಲ್ಲದ ತಿಂಗಳಲ್ಲಿ ಮಣೆಯನ್ನು ಅಟ್ಟದಿಂದ ಇಳಿಸುವ ಕ್ರಮ ನಮ್ಮಲ್ಲಿಲ್ಲ. ಗರಗಸ ಹಾಕುವುದಂತೂ ಕೇಳಿಯೇ ಇಲ್ಲ. ಹೆಂಡತಿ ಬೇಡವೆಂದಳು. ಅಕ್ಕ ಕೇಳಲಿಲ್ಲ. ಇನ್ನು ಆಡಲಿಕ್ಕೆ ಯಾರುಂಟು ಎಂದು ಕೇಳಿದಳು. ನಾನು ಮಣೆ ಇಳಿಸಿ ಒಂದು ಸಾಲಿನಿಂದ ಐದು ಗುಳಿಗಳಷ್ಟು ಉದ್ದವನ್ನು ಕತ್ತರಿಸಿದೆ. ಗುಳಿಯ ತಳಕ್ಕೆ ತೂತು ಕೊರೆದು, ಒಳಗೊಂದು ಒತ್ತುವ ಸ್ವಿಚ್ಚು ಕೂರಿಸಿ, ಸ್ವಿಚ್ಚಿನ ತಲೆಗೆ ಒಂದೊಂದು ಕಾಯಿ ಅಂಟಿಸಿದೆ. ಬಲ್ಬಿಗೆ ಕವಡೆ. ಫ್ಯಾನಿಗೆ ಹುಣಸೆ ಬೀಜ. ಟಿ.ವಿ.ಗೆ ಮಂಜೊಟ್ಟಿಯ ಕೆಂಪು ಕಾಳು. ಚಾನೆಲ್ ಬದಲಿಸಲು ಪೊಂಗಾರೆ ಬೀಜ. ಅದನ್ನು ಒತ್ತಿದಾಗೆಲ್ಲ ಅಕ್ಕನಿಗೆ ಇಷ್ಟವಿದ್ದ ಮೂರೇ ಚಾನೆಲ್‌ಗಳು ಒಂದರ ನಂತರ ಒಂದು ಬರುತ್ತಿದ್ದವು. ಐದನೆಯ ಗುಳಿ ಕರೆಗಂಟೆಗೆ. ಅದಕ್ಕೆ ಅಕ್ಕ ತನ್ನ ಹೊಲಿಗೆ ಡಬ್ಬಿಯಿಂದ ಒಂದು ಕೋಟಿನ ಗುಂಡಿ ಹುಡುಕಿ ಕೊಟ್ಟಳು.

ಎರಡು ಸಲ ಒತ್ತಿ ಹೋಗುವುದಕ್ಕೂ ಉಪಾಯ ಮಾಡಿದೆ. ಒಮ್ಮೆ ಒತ್ತಿದ ಮೇಲೆ ಸ್ವಲ್ಪ ಹೊತ್ತು ಏನು ಒತ್ತಿದರೂ ಪೆಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟಿ.ವಿ. ಹೊತ್ತುವಾಗ ಬಾಕ್ಸ್ ಆರುವ ತಾಪತ್ರಯ ತಪ್ಪಿಸಲು ಬಾಕ್ಸನ್ನು ಯಾವಾಗಲೂ ಉರಿಯಲು ಬಿಟ್ಟೆ. ರಿಮೋಟನ್ನು ಗುರಿ ಹಿಡಿಯಲು ಅಕ್ಕನಿಂದ ಆಗುವುದಿಲ್ಲವಾದ್ದರಿಂದ ಪೆಟ್ಟಿಗೆಯನ್ನು ಮಂಚದ ಪಟ್ಟಿಗೇ ಸ್ಕ್ರೂ ಹಾಕಿ, ಅಲ್ಲಿಂದ ಪೈಪಿನಲ್ಲಿ ವಯರ್ ಮೇಲೆ ಒಯ್ದು, ಬಲ್ಬ್, ಫ್ಯಾನ್, ಟಿ.ವಿ. ಎಲ್ಲಕ್ಕೂ ಕಾಣುವ ಕಡೆ ಸಂಕೇತ ಬಿಡುವ ಕಣ್ಣನ್ನು ಇಟ್ಟೆ. ಒತ್ತಿದ್ದು ತಾಗಿತು ಎಂದು ಅವಳಿಗೆ ಗೊತ್ತಾಗಲು ಪೆಟ್ಟಿಗೆಯ ತಲೆಯಲ್ಲೊಂದು ಕೆಂಪು ದೀಪ ಇಟ್ಟೆ. ಯಾವ ಗುಳಿ ಒತ್ತಿದರೂ ಅದು ಒಮ್ಮೆ ಮಿನುಗುತ್ತಿತ್ತು. ಉಳಿದ ಸಣ್ಣದೆಲ್ಲ ಮಂಜಾಗಿದ್ದರೂ ಆ ಕೆಂಪು ಅವಳಿಗೆ ಕಾಣುತ್ತಿತ್ತು.

ಶಬ್ದ ಹೆಚ್ಚು ಕಡಿಮೆ ಮಾಡುವ ಗುಳಿ ಅವಳು ಕೇಳಿದ್ದಳು. ಸರಳವಾಗಿ ಇರಲಿ ಅಕ್ಕ, ಗುಳಿ ಹೆಚ್ಚಾದರೆ ಗೊಂದಲ ಎಂದೆ. ನಿಜ ಸಂಗತಿ, ಅಂಗಡಿಯಲ್ಲಿ ಕುಳಿತ ನನಗೆ ಅವಳ ಟಿ.ವಿ.ಯ ಶಬ್ದ ಕೇಳಬಾರದಿತ್ತು. ಸರಳ ಎಂಬ ಶಬ್ದದಲ್ಲಿ ಏನನ್ನು ಬೇಕಾದರೂ ಅಡಗಿಸಬಹುದು ಎಂದು ನಾನು ಕಲಿತದ್ದು ಅಲ್ಲಿ.

ಅಕ್ಕ ಎಡದ ಗುಳಿಗೆ ಬೆರಳು ಇಳಿಸಿ ಸಾಲಾಗಿ ಐದಕ್ಕೂ ಹೋದಳು. ಒಂದೂ ತಪ್ಪಲಿಲ್ಲ. ಕಲಿಸಬೇಕಾಗಿಯೇ ಬರಲಿಲ್ಲ. ಅವಳು ಪೆಟ್ಟಿಗೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಸುದ್ದಿ ಹರಡಿತು. ಕೊಯಿಲದಿಂದ ಒಬ್ಬರು ಹಾಸಿಗೆ ಹಿಡಿದ ತಂದೆಗೆ ಬೇಕೆಂದು ಬಂದರು. ಗುಂಡ್ಯದ ಹೋಟೆಲಿನವರು ಅತ್ತೆಗೆ ಮಾಡಿಸಿಕೊಂಡು ಹೋದರು. ಸುಳ್ಯದ ಕಡೆಯಿಂದಲೂ ಜನ ಬಂದರು. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಗುಳಿಯ ಉಪಾಯ ಹೇಗೆ ಹೊಳೆಯಿತು? ಚಿಕ್ಕಂದಿನಲ್ಲಿ ಚೆನ್ನೆ ಆಡಿದ್ದು ನೆನಪಿಗೆ ಬಂತು ಎನ್ನುತ್ತಿದ್ದೆ. ಮೊದಲ ಸಲ ಬಾಯಿತಪ್ಪಿ ಹಾಗೆ ಹೇಳಿದ್ದು. ಎರಡನೆಯ ಸಲ ಅದೇ ಮಾತು ಸಲೀಸಾಗಿ ಬಂತು. ಆಮೇಲೆ ನನಗೇ ಅದು ನಿಜವೆಂದು ತೋರತೊಡಗಿತು.

ಊರಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅಕ್ಕನನ್ನೂ ಜೀಪಿನಲ್ಲಿ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ನಾನು ಮೈಕಿನ ಮುಂದೆ ನಿಂತು, ಅಲ್ಲಿ ಕುಳಿತ ನನ್ನ ಅಕ್ಕನ ಕಷ್ಟ ನೋಡಲಾಗದೆ ಇದನ್ನು ಕಂಡುಹಿಡಿದೆ ಎಂದೆ. ಜನ ತಿರುಗಿ ಅವಳನ್ನು ನೋಡಿದರು. ನಡುಗುವ ಕೈ, ಜೋತ ತುಟಿ. ನಾನು ಹೇಳಿದ ಕಷ್ಟ ಕಣ್ಣೆದುರೇ ಕುಳಿತಿದ್ದರಿಂದ ಚಪ್ಪಾಳೆ ಜೋರಾಯಿತು. ಅಕ್ಕನೂ ತಟ್ಟಿದಳು.

ವಾಪಸು ಬರುವಾಗ ಜೀಪಿನಲ್ಲಿ ನನ್ನ ಕಿವಿಯ ಹತ್ತಿರ ಹೇಳಿದಳು: "ಕೈ ನಡುಗುವವರಿಗೆ ಚಪ್ಪಾಳೆ ಸುಲಭ ಮಾರಾಯ. ಒಮ್ಮೆ ಶುರು ಮಾಡಿದ್ರೆ ಸಾಕು, ಅದೇ ಹೋಗ್ತಾ ಇರ್ತದೆ."

ಗುಳಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇನ್ನು ಕರೆಗಂಟೆಯ ವಿಷಯ. ಹೆಂಡತಿ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಅಕ್ಕನ ಸ್ನಾನ, ತಿಂಡಿ ಮುಗಿಸಿ, ಮಂಚದ ಬಳಿ ಚೊಂಬಿನಲ್ಲಿ ನೀರಿಟ್ಟು ಹೋದರೆ ಸಂಜೆಯ ಮುಂಚೆ ಬರುತ್ತಿದ್ದಳು. ಬಂದ ಮೇಲೆ ಅಕ್ಕನ ಕೋಣೆಯಲ್ಲೇ ಇರುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು; ಆಗ ಗಂಟೆ ಬೇಕಾಗುತ್ತಿರಲಿಲ್ಲ. ಹಗಲಿನಲ್ಲಿ ಮನೆಯಲ್ಲಿ ನಾನೊಬ್ಬನೇ. ಆದ್ದರಿಂದ ಗಂಟೆಯನ್ನು ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದೆ. ಅಕ್ಕ ಐದನೆಯ ಗುಳಿ ಒತ್ತಿದರೆ ಅದು ಅಂಗಡಿಗಷ್ಟೇ ಕೇಳುವಷ್ಟು ಮೆಲ್ಲಗೆ ಹಕ್ಕಿಯ ಹಾಗೆ ಕೂಗುತ್ತಿತ್ತು. ನಾನು ಎದ್ದು ಹೋಗಿ ಅವಳನ್ನು ಹಿಡಿದೆಬ್ಬಿಸಿ ಬಚ್ಚಲಿನ ಬಾಗಿಲವರೆಗೆ ನಡೆಸಬೇಕು, ಇಲ್ಲವೇ ದಿಂಬು ಸರಿಮಾಡಬೇಕು, ನೀರು ಬಾಯಿಗೆ ಹಿಡಿಯಬೇಕು. ದೊಡ್ಡ ಕೆಲಸವೇನಲ್ಲ. ಬೆಸುಗೆ ಹಾಕುತ್ತಿರುವಾಗ ಏಳುವುದು ಕಿರಿಕಿರಿ ಅಷ್ಟೇ.

ಒಂದು ದಿನ ಸ್ಥಳೀಯ ಪತ್ರಿಕೆಯವರೊಬ್ಬರು ನನ್ನ ಬಗ್ಗೆ ಬರೆಯಲು ಅಂಗಡಿಗೆ ಬಂದರು. ನಾನು ಚೆನ್ನೆಯ ಕತೆ ಶುರು ಮಾಡಿದ್ದೆ. ಹಕ್ಕಿ ಕೂಗಿತು. ಒಳಗೆ ಹೋದೆ.

"ಪೇಪರಿನವರಾ ಬಂದದ್ದು?" ಎಂದಳು ಅಕ್ಕ. "ಗುಳಿ ಮಾಡು ಅಂತ ಹೇಳಿದ್ದು ಯಾರು ಅಂತ ಅವರಿಗೆ ಹೇಳಿದ್ಯಾ?"

ಹೇಳುತ್ತೇನೆ ಎಂದು ಬಂದು ಕುಳಿತೆ. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ನಾನು ಏಳಲಿಲ್ಲ. ಮತ್ತೊಮ್ಮೆ ಕೂಗಿತು.

"ನಿಮ್ಮ ಬೆಲ್ ಒಳ್ಳೆ ಕೆಲಸ ಮಾಡ್ತದೆ ಮಾರಾಯ್ರೆ," ಎಂದು ಆ ಮನುಷ್ಯ ನಕ್ಕರು. ಹೋಗಿ ನೋಡಿ, ನಾನು ಕಾಯುತ್ತೇನೆ ಎಂದರು. ಒಳಗೆ ಹೋಗಿ ನಿಂತೆ. ಅಕ್ಕ ನನ್ನ ಮುಖ ನೋಡಿದಳು, ಗೊತ್ತಾಯಿತು ಅವಳಿಗೆ.

"ಅವರನ್ನು ಇಲ್ಲಿಗೆ ಕಳಿಸು. ನಾನೇ ಹೇಳ್ತೇನೆ," ಎಂದಳು.

ಅಕ್ಕ ಮಲಗಿದ್ದಾರೆ, ಹುಷಾರಿಲ್ಲ ಎಂದು ಹೇಳಿ ಅವರನ್ನು ಕಳಿಸಿಬಿಟ್ಟೆ. ಅವರ ಬೈಕು ತಿರುವು ದಾಟಿದ ಕೂಡಲೇ ಸ್ಕ್ರೂಡ್ರೈವರ್ ತೆಗೆದುಕೊಂಡು ಒಳಗೆ ಹೋದೆ. ಪೆಟ್ಟಿಗೆ ಬಿಚ್ಚಿದೆ. ಅಕ್ಕ ಎಂತ ರಿಪೇರಿ ಎಂದು ಕೇಳಿದಳು. ಸೆಲ್ ಬದಲಿಸುತ್ತೇನೆ ಎಂದೆ. ಕರೆಗಂಟೆಗೆ ಹೋಗುವ ಒಂದೇ ಒಂದು ವಯರನ್ನು ಬಿಡಿಸಿ, ತುದಿಗೆ ಟೇಪು ಸುತ್ತಿ ಒಳಗೆ ಮಡಚಿಟ್ಟೆ. ಕೆಂಪು ದೀಪದ ವಯರನ್ನು ಮುಟ್ಟಲಿಲ್ಲ. ಅದನ್ನು ಯೋಚಿಸಿಯೇ ಬಿಟ್ಟದ್ದು. ದೀಪ ಮಿನುಗಿದರೆ ಗಂಟೆ ಬಡಿದಿದೆ ಎಂದು ಅವಳು ತಿಳಿದುಕೊಳ್ಳುತ್ತಾಳೆ, ರಿಪೇರಿ ಮಾಡು ಎಂದು ಯಾರಿಗೂ ಹೇಳುವುದಿಲ್ಲ.

ಅಂಗಡಿಯ ನನ್ನ ಕುರ್ಚಿಯಿಂದ ಅಕ್ಕನ ಮಂಚ ಕಾಣುವುದಿಲ್ಲ. ಆದರೆ ಅವಳ ಕೋಣೆಯ ಗೋಡೆಯಲ್ಲಿ ಗಾಜು ಹಾಕಿದ ಒಂದು ದೇವರ ಪಟ ಉಂಟು. ಬಾಗಿಲು ಅರ್ಧ ತೆರೆದಿದ್ದರೆ ಪೆಟ್ಟಿಗೆಯ ದೀಪ ಆ ಗಾಜಿನಲ್ಲಿ ಕಾಣುತ್ತದೆ. ಮರುದಿನ ನಾನು ಅದನ್ನು ಕಂಡೆ. ಕೆಂಪು ಚುಕ್ಕಿ ಮಿನುಗಿತು. ಬಲ್ಬ್ ಬದಲಾಗಲಿಲ್ಲ, ಫ್ಯಾನ್ ಬದಲಾಗಲಿಲ್ಲ, ಟಿ.ವಿ. ಬದಲಾಗಲಿಲ್ಲ, ಹಾಗಾದರೆ ಐದನೆಯ ಗುಳಿಯೇ. ಸ್ವಲ್ಪ ಬಿಟ್ಟು ಮತ್ತೆ ಮಿನುಗಿತು. ನಾನು ಕೈಯಲ್ಲಿದ್ದ ರಿಮೋಟಿನ ಬೆಸುಗೆ ಮುಗಿಸಿದೆ. ಇನ್ನೊಂದನ್ನು ಎತ್ತಿಕೊಂಡೆ. ಆಮೇಲೆ, ನನಗೇ ಅನಿಸಿತೆಂಬಂತೆ, ಎದ್ದು ಹೋದೆ. ಅವಳನ್ನು ಬಚ್ಚಲಿನ ಬಾಗಿಲವರೆಗೆ ನಡೆಸಿದೆ.

ಹೀಗೆ ನಡೆಯಿತು. ಕಾಣದೇ ಇದ್ದಿದ್ದರೆ ಬೇರೆ ಮಾತು. ನಾನು ಕಾಣುತ್ತಿದ್ದೆ. ಆ ಚುಕ್ಕಿ ನೋಡುತ್ತಾ ಕುಳಿತಿರುವುದರಲ್ಲಿ ನನಗೆ ಒಂದು ತರಹದ ಸುಖ ಇತ್ತು. ಚಿಕ್ಕಂದಿನಿಂದ ಅವಳ ಎದುರು ಸೋತವನಿಗೆ ಈಗ ಅವಳ ಆಟ ನನ್ನ ಕೈಯಲ್ಲಿ ಎಂಬ ಸುಖ. ಬೇರೆ ಯಾವ ಹೆಸರಿನಿಂದಲೂ ಅದನ್ನು ಕರೆಯಲು ನನ್ನಿಂದ ಆಗುವುದಿಲ್ಲ.

ಕೆಲವು ದಿನ ಕಳೆದ ಮೇಲೆ ಅಕ್ಕ ಕೇಳಿದಳು. ಮೆತ್ತಗೆ, ತಗಾದೆಯ ಸ್ವರವೇ ಇಲ್ಲದೆ.

"ಬೆಲ್ ಕೇಳುದಿಲ್ವಾ ನಿನಗೆ?"

ಆಗ ಒಪ್ಪಿಕೊಳ್ಳಬಹುದಿತ್ತು. ಹಾಳಾಗಿದೆ, ಸರಿಮಾಡುತ್ತೇನೆ ಎಂಬ ಸಣ್ಣ ಸುಳ್ಳಿನಲ್ಲಾದರೂ ಮುಗಿಸಬಹುದಿತ್ತು. ನಾನು ಹೇಳಿದ್ದು ಇದು:

"ಕೇಳ್ತದೆ ಅಕ್ಕ. ಕೈಯಲ್ಲಿ ಕೆಲಸ ಇರ್ತದೆ."

ಅವಳು ಇನ್ನೊಮ್ಮೆ ಕೇಳಲಿಲ್ಲ. ಹೆಂಡತಿಯ ಹತ್ತಿರವೂ ಹೇಳಲಿಲ್ಲ. ಗಂಟೆ ಕೇಳಿಯೂ ಬಾರದ ತಮ್ಮನ ಬಗ್ಗೆ ತಮ್ಮನ ಹೆಂಡತಿಯ ಹತ್ತಿರ ದೂರು ಹೇಳುವವಳಲ್ಲ ಅವಳು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಧೈರ್ಯ.

ಮತ್ತೊಂದು ಮಧ್ಯಾಹ್ನ ಚುಕ್ಕಿ ಬಹಳ ಸಲ ಮಿನುಗಿತು. ನಾನು ಹೋದಾಗ ಹಾಸಿಗೆ ಒದ್ದೆಯಾಗಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು.

"ನೀರು ಚೆಲ್ಲಿತು," ಎಂದಳು.

ಚೊಂಬು ತುಂಬಿಯೇ ಇತ್ತು. ನಾನು ಹಾಗೆಲ್ಲ ಆಗುತ್ತದೆ ಎಂದು ಹೇಳಿ ವಸ್ತ್ರ ಬದಲಿಸಿದೆ. ಒದ್ದೆ ವಸ್ತ್ರವನ್ನು ಬಾಲ್ದಿಗೆ ಹಾಕಿ ಹೆಂಡತಿಗೆ ಒಗೆಯಲು ಬಿಟ್ಟೆ. ಆ ಸಂಜೆಯೇ ವಯರ್ ಕೂಡಿಸಬೇಕೆಂದು ಎಣಿಸಿದೆ. ಸುಳ್ಯದವರ ಪೆಟ್ಟಿಗೆ ಅರ್ಜೆಂಟಾಗಿ ಕೊಡಬೇಕಿತ್ತು, ಅದನ್ನು ಮುಗಿಸಿದೆ.

ಅಂದಿನಿಂದ ಅಕ್ಕ ಹಗಲಿನಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಕುಡಿದರೆ ಎಬ್ಬಿಸಬೇಕಾಗುತ್ತದೆ, ಎಬ್ಬಿಸಲು ಯಾರೂ ಬರುವುದಿಲ್ಲ. ಅವಳದು ಸರಿಯಾದ ಲೆಕ್ಕ. ಐದನೆಯ ಗುಳಿ ಒತ್ತುವುದೂ ನಿಂತಿತು. ಗಾಜಿನಲ್ಲಿ ಚುಕ್ಕಿ ಕಾಣದೆ ನನಗೆ ಸಲೀಸಾಯಿತು. ಸಂಜೆ ಹೆಂಡತಿ ಬರುವ ಮೊದಲು ನೋಡಿದರೆ ಚೊಂಬಿನ ನೀರು ಇಟ್ಟ ಹಾಗೆಯೇ ಇರುತ್ತಿತ್ತು. ಹೆಂಡತಿ ಕಂಡರೆ ಯಾಕೆಂದು ಕೇಳುತ್ತಾಳೆ, ಕೇಳಿದರೆ ಒಂದಕ್ಕೊಂದು ಬಿಚ್ಚುತ್ತಾ ಹೋಗುತ್ತದೆ. ನಾನು ಚೊಂಬನ್ನು ಕಿಟಕಿಯಿಂದ ಹೊರಗೆ ದಾಸವಾಳದ ಬುಡಕ್ಕೆ ಸುರಿದು ಖಾಲಿ ಮಾಡಿ ಇಡುತ್ತಿದ್ದೆ. ಅಕ್ಕ ಅದನ್ನು ಮಲಗಿದಲ್ಲಿಂದಲೇ ನೋಡುತ್ತಿದ್ದಳು. ನಾನು ಸುರಿದದ್ದು ತನ್ನ ಮರ್ಯಾದೆ ಉಳಿಸಲಿಕ್ಕೆ ಎಂದು ಅವಳು ಎಣಿಸಿದ್ದಳಂತೆ. ಇದನ್ನು ಆಮೇಲೆ ಅವಳೇ ಹೇಳಿದ್ದು.

ಆ ದಿನಗಳಲ್ಲೇ ಕಲ್ಲುಗುಂಡಿಯಿಂದ ಒಬ್ಬರು ಬಂದರು. ಅವರ ಹೆಂಡತಿಗೆ ಸೊಂಟದಿಂದ ಕೆಳಗೆ ಬಲವಿಲ್ಲ. ಪೆಟ್ಟಿಗೆ ಬೇಕಾದದ್ದೇ ಗಂಟೆಗಾಗಿ. ಉಪಯೋಗಿಸುವವರನ್ನು ಕೇಳಿಯೇ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದು ಅಕ್ಕನ ಮಂಚದ ಬಳಿ ಕುಕ್ಕರಗಾಲಿನಲ್ಲಿ ಕುಳಿತರು. ಅವಳು ಐದನೆಯ ಗುಳಿ ಒತ್ತಿ ತೋರಿಸಿದರೆ ಮುಗಿಯಿತು ನನ್ನ ಕತೆ ಎಂದು ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಒತ್ತಲಿಲ್ಲ.

"ಬೆಲ್ ಸರಿ ಉಂಟು," ಎಂದಳು ಅವರ ಕಿವಿಗೆ. "ಒತ್ತಿದರೆ ಕೇಳ್ತದೆ. ಬರುದು ನಿಮಗೆ ಬಿಟ್ಟದ್ದು. ನೀವು ಬರ್ತೀರಿ, ಮುಖ ನೋಡಿದರೆ ಗೊತ್ತಾಗ್ತದೆ."

ಅವರು ಸಂತೋಷದಲ್ಲಿ ಹೊರಗೆ ಬಂದು ಒಂದು ಪೆಟ್ಟಿಗೆ ಮಾಡಿಡಲು ಹೇಳಿ ಹೋದರು. ನಿಮ್ಮ ಅಕ್ಕ ಅದೃಷ್ಟವಂತೆ ಎಂದರು. ನಾನು ಹೌದು ಎಂದೆ.

ಅಕ್ಕನಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಮಾತು ತಪ್ಪಿ, ನನ್ನನ್ನು ಅಪ್ಪ ಎಂದು ಕರೆಯತೊಡಗಿದಳು. ಪುತ್ತೂರಿನ ಆಸ್ಪತ್ರೆಗೆ ಒಯ್ದೆವು. ಮೂತ್ರಕ್ಕೆ ಸೋಂಕು, ಮೈಯಲ್ಲಿ ನೀರೇ ಇಲ್ಲ ಎಂದರು ಡಾಕ್ಟರು. ನಾಲಿಗೆ ಒಣಗಿ ಸೀಳಿತ್ತು. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಹೆಂಡತಿಯನ್ನು ಕೇಳಿದರು.

"ಇಟ್ಟ ಚೊಂಬು ದಿನಾ ಖಾಲಿ ಮಾಡ್ತಾರೆ ಡಾಕ್ಟ್ರೆ," ಎಂದಳು ನನ್ನ ಹೆಂಡತಿ. "ನಾನೇ ನೋಡ್ತೇನಲ್ಲ."

ಡಾಕ್ಟರು ಅವಳನ್ನು ಸುಳ್ಳುಗಾತಿಯನ್ನು ನೋಡುವ ಹಾಗೆ ನೋಡಿದರು. ಮುದುಕರನ್ನು ಮನೆಯಲ್ಲಿ ಇಟ್ಟುಕೊಂಡರೆ ಸಾಲದು, ನೋಡಿಕೊಳ್ಳಬೇಕು ಎಂದರು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಡ್ರಿಪ್ ಹಾಕಿ, ಜ್ವರ ಇಳಿದು, ಅಕ್ಕನಿಗೆ ಸರಿಯಾದ ಬುದ್ಧಿ ಬಂದ ದಿನ ಒಬ್ಬ ನರ್ಸ್ ಹುಡುಗಿ ವಯರಿನಲ್ಲಿ ನೇತಾಡುವ ಸ್ವಿಚ್ಚನ್ನು ಅವಳ ಕೈಗೆ ಕೊಟ್ಟಳು. ಏನು ಬೇಕಾದರೂ ಇದನ್ನು ಒತ್ತಿ ಅಜ್ಜಿ, ನಾವು ಬರುತ್ತೇವೆ ಎಂದಳು. ಅಕ್ಕ ಅದನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟಳು.

"ಬೇಡ ಮಗಾ. ನಿಮಗೆ ಕೇಳ್ತದೆ. ಕೈಯಲ್ಲಿ ಕೆಲಸ ಇರ್ತದೆ."

ನನ್ನದೇ ಮಾತು. ಅಂದು ನಾನು ಅವಳಿಗೆ ಕೊಟ್ಟ ಉತ್ತರ. ಹುಡುಗಿ ನಕ್ಕು, ಸ್ವಿಚ್ಚನ್ನು ಅವಳ ಬೆರಳಿನಿಂದಲೇ ಒತ್ತಿಸಿದಳು. ಹೊರಗೆ ಗಂಟೆ ಬಡಿದದ್ದು ನಮಗೆಲ್ಲ ಕೇಳಿತು. ಇನ್ನೊಬ್ಬ ನರ್ಸ್ ಬಾಗಿಲಲ್ಲಿ ಇಣುಕಿ ಏನು ಎಂದು ಕೇಳಿದಳು. ಅಕ್ಕ ಅವಳನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆ ಹೊರಳಿಸಿ ನನ್ನ ಮುಖ ನೋಡಿದಳು, ಚೆನ್ನೆ ಆಡುವಾಗಿನ ಹಾಗೆ.

ಹೆಂಡತಿ ಗಂಜಿ ತರಲು ಕೆಳಗೆ ಹೋದಾಗ ನಾನು ಎಲ್ಲ ಹೇಳಿದೆ. ವಯರ್ ಬಿಡಿಸಿದ್ದು, ದೀಪ ಬಿಟ್ಟದ್ದು, ಪಟದ ಗಾಜು, ಚೊಂಬು. ಅಳಲು ನೋಡಿದೆ, ಅಳು ಬರಲಿಲ್ಲ.

ಅಕ್ಕ ಕೈಸನ್ನೆಯಿಂದ ಹತ್ತಿರ ಕರೆದಳು. ನಾನು ಬಗ್ಗಿದೆ.

"ಬೆಲ್ ಬಡೀಲೇ ಇಲ್ವಾ ಹಾಗಾದ್ರೆ?"

"ಇಲ್ಲ."

"ನಾನು ಎಂತ ಮಾಡಿದೆ ಅಂತ ಯೋಚನೆ ಮಾಡ್ತಾ ಇದ್ದೆ. ಕೇಳಿಯೂ ಬಾರದಷ್ಟು ಎಂತ ಮಾಡಿದೆ ಅಂತ." ಸ್ವಲ್ಪ ಉಸಿರು ತೆಗೆದುಕೊಂಡು ಹೇಳಿದಳು: "ರಿಪೇರಿಯಲ್ಲಿ ನೀನು ಮೊದಲಿಂದ ಹುಷಾರು. ಅವಳಿಗೆ ಹೇಳಿದ್ಯಾ?"

ಇಲ್ಲ ಎಂದೆ.

"ಹೇಳು. ಡಾಕ್ಟರು ಬೈದದ್ದು ಅವಳಿಗೆ."

ಆಸ್ಪತ್ರೆಯ ಮೆಟ್ಟಿಲಿನಲ್ಲಿ ಗಂಜಿಯ ಪಾತ್ರೆ ಹಿಡಿದು ಹತ್ತುತ್ತಿದ್ದ ಹೆಂಡತಿಗೆ ಹೇಳಿದೆ. ಮುಗಿದ ಮೇಲೆ, ನೀರು ಚೆಲ್ಲಿದ್ದೂ ನೀವಾ ಎಂದು ಒಂದೇ ಪ್ರಶ್ನೆ ಕೇಳಿದಳು. ಹೌದೆಂದೆ. ನನ್ನನ್ನು ದಾಟಿ ಮೇಲೆ ಹೋದಳು. ಆ ಸಂಜೆ ಡಾಕ್ಟರ ಕೋಣೆಯ ಹೊರಗೆ ಸರದಿಯಲ್ಲಿ ಕುಳಿತು, ನಾನೇ ಒಳಗೆ ಹೋಗಿ ನೀರಿನ ಸಂಗತಿ ಹೇಳುವಂತೆ ಮಾಡಿದಳು. ಡಾಕ್ಟರು ಕೇಳಿಕೊಂಡರು. ನನಗೆ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, ನೀವು ಹೊರಗೆ ಹೋಗಬಹುದು ಎಂದರು.

ಮನೆಗೆ ಬಂದ ಮೇಲೆ ಹೆಂಡತಿ ಅಂಗನವಾಡಿಗೆ ಹೋಗುವುದನ್ನು ನಿಲ್ಲಿಸಿದಳು. ನಾನು ಮೊದಲು ಮಾಡಿದ ಕೆಲಸ, ವಯರ್ ಕೂಡಿಸಿದ್ದು. ಅಕ್ಕ ನೋಡುತ್ತಾ ಮಲಗಿದ್ದಳು. ಕೆಲಸ ಮುಗಿದಾಗ ಹೇಳಿದಳು:

"ಒಂದು ಗುಳಿ ಜಾಸ್ತಿ ಮಾಡು. ಅವಳಿಗೆ ಬೇರೆ, ನಿನಗೆ ಬೇರೆ. ಒಂದೇ ಇದ್ರೆ ಇಬ್ಬರನ್ನೂ ಕರೆದ ಹಾಗೆ ಆಗ್ತದೆ. ನೀನು ಬರುದು ಬೇಡ."

ಚೆನ್ನೆಮಣೆಯ ಉಳಿದ ಭಾಗ ಅಟ್ಟದಲ್ಲೇ ಇತ್ತು. ಅದರಿಂದ ಇನ್ನೊಂದು ಗುಳಿ ಕತ್ತರಿಸಿ, ಬಲದ ತುದಿಗೆ ಬೆಸೆದು, ಆರು ಗುಳಿ ಮಾಡಿದೆ. ಹೆಂಡತಿಯ ಗಂಟೆ ಅಡುಗೆಮನೆಗೆ, ನನ್ನದು ಅಂಗಡಿಗೆ. ಹೊಸ ಗಂಟೆಗಳ ಸದ್ದು ದೊಡ್ಡದು, ಬೇಕಾದ ರಾಗವನ್ನೂ ಆರಿಸಿಕೊಳ್ಳಬಹುದು. ಹೆಂಡತಿಯ ಗಂಟೆಗೆ ಅಕ್ಕ ಒಂದೊಂದಾಗಿ ಎಲ್ಲ ಕೇಳಿ, ಹಳೆಯ ಹಕ್ಕಿಯ ಕೂಗನ್ನೇ ಇರಲಿ ಎಂದಳು. ನನ್ನದಕ್ಕೆ ಯಾವುದು ಎಂದು ಕೇಳಿದೆ.

"ಯಾವುದಾದ್ರೂ ಆಗ್ತದೆ," ಎಂದಳು. "ಒತ್ತಲಿಕ್ಕಿಲ್ಲ."

ಆರನೆಯ ಗುಳಿಗೆ ಅಂಟಿಸಲು ಏನಾದರೂ ಕೊಡು ಎಂದು ಕೇಳಿದಾಗ ಏನೂ ಬೇಡ ಎಂದಳು. ಖಾಲಿ ಇದ್ದರೆ ಬೆರಳಿಗೆ ಗೊತ್ತಾಗುತ್ತದಂತೆ, ಅಲ್ಲಿಗೆ ಹೋಗಬಾರದು ಎಂದು.

ಇದನ್ನು ಬರೆಯುವುದಕ್ಕೆ ಒಂದು ಕಾರಣ, ಗುಳಿಯ ಉಪಾಯ ನನ್ನದಲ್ಲ, ನನ್ನ ಅಕ್ಕನದು ಎಂದು ಅಚ್ಚಿನಲ್ಲಿ ಬರಬೇಕು. ಇನ್ನೊಂದು, ನನ್ನ ಪೆಟ್ಟಿಗೆ ಇಟ್ಟುಕೊಂಡ ಮನೆಗಳವರು ಇದನ್ನು ಓದಿದರೆ ಹೆದರಬಾರದು. ಬೇರೆ ಯಾವ ಪೆಟ್ಟಿಗೆಯ ವಯರನ್ನೂ ನಾನು ಮುಟ್ಟಿಲ್ಲ. ಆದರೂ ಒಮ್ಮೆ ಒತ್ತಿ ನೋಡಿ. ದೀಪ ನೋಡಬೇಡಿ, ಇನ್ನೊಂದು ಕೋಣೆಯಲ್ಲಿ ಒಬ್ಬರು ನಿಂತು ಕಿವಿಯಿಂದ ಕೇಳಿ. ಆ ಶಾಲೆಗೆ ಶಾಲು ಹಿಂದೆ ಕೊಡಲು ಹೋಗಿದ್ದೆ. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಕ್ರಮ ಇಲ್ಲ ಎಂದು ಕಾಫಿ ಕೊಟ್ಟು ಕಳಿಸಿದರು. ಶಾಲನ್ನು ಈಗ ಅಕ್ಕನ ಕಾಲಿನ ಹತ್ತಿರ ಮಡಚಿ ಇಟ್ಟಿದ್ದೇನೆ. ಅವಳು ಹೊದೆಯುವುದಿಲ್ಲ.

ಈಗಲೂ ಹಗಲಿಡೀ ಅಂಗಡಿಯಲ್ಲಿ ಕುಳಿತಿರುತ್ತೇನೆ. ಅಡುಗೆಮನೆಯಲ್ಲಿ ಹಕ್ಕಿ ಕೂಗುತ್ತದೆ, ಹೆಂಡತಿಯ ಚಪ್ಪಲಿ ಸದ್ದು ಮಾಡುತ್ತಾ ಹೋಗುತ್ತದೆ, ಒಳಗಿನಿಂದ ಇಬ್ಬರೂ ಮಾತಾಡುವುದು ಕೇಳುತ್ತದೆ. ಅಂದರೆ ಹೆಂಡತಿಯ ಮಾತು ಕೇಳುತ್ತದೆ, ಅಕ್ಕನದನ್ನು ನಾನು ಊಹಿಸುತ್ತೇನೆ. ಕೆಲವೊಮ್ಮೆ ನಗುತ್ತಾರೆ. ನನ್ನ ಮೇಜಿನ ಗಂಟೆ ಈವರೆಗೆ ಬಡಿದಿಲ್ಲ. ಒಮ್ಮೆ ಹೆಂಡತಿ ಸಂತೆಗೆ ಹೋಗಿದ್ದಾಗ ಗಾಜಿನಲ್ಲಿ ಕೆಂಪು ಚುಕ್ಕಿ ಮಿನುಗಿತು. ಯಾರೂ ಇಲ್ಲದ ಅಡುಗೆಮನೆಯಲ್ಲಿ ಹಕ್ಕಿ ಕೂಗುತ್ತಲೇ ಇತ್ತು. ನಾನು ಓಡಿ ಹೋದೆ. ಅಕ್ಕ ಬೆರಳನ್ನು ಕೋಟಿನ ಗುಂಡಿಯ ಮೇಲಿಂದ ತೆಗೆಯದೆ, ಅವಳು ಬರಲಿ ಎಂದಳು. ನನ್ನನ್ನು ಮುಟ್ಟಲು ಬಿಡಲಿಲ್ಲ. ಹೆಂಡತಿ ಬರುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ, ಅಕ್ಕ ಹಾಗೆಯೇ ತಡೆದುಕೊಂಡು ಮಲಗಿದ್ದಳು.

ಸೆಲ್ ಇಳಿದಿರಬಹುದೆಂದು ಆಗಾಗ ಒಳಗೆ ಹೋಗಿ ಆರನೆಯ ಗುಳಿಯನ್ನು ನಾನೇ ಒತ್ತಿ ನೋಡುತ್ತೇನೆ. ಅಂಗಡಿಯಲ್ಲಿ ನನ್ನ ಖಾಲಿ ಕುರ್ಚಿಯ ಎದುರು ಗಂಟೆ ಬಡಿಯುತ್ತದೆ. ಅಕ್ಕ ಕಣ್ಣು ಮುಚ್ಚಿಯೇ ಕೇಳುತ್ತಾಳೆ.

"ಸರಿ ಉಂಟಲ್ಲ," ಎನ್ನುತ್ತಾಳೆ. "ಇನ್ನು ಹೋಗು."